ಮೂರು ಕೋಣೆಗಳ ಹಳೆಯ ಫೋನುಗಳನ್ನು ಒಂದು ಫೈಬರ್ ಪೆಟ್ಟಿಗೆಗೆ ಜೋಡಿಸುವುದು ಹೇಗೆ?

ಬ್ರಹ್ಮಪುರದ ಮನೆಯವರು (ಮೂಲ ಪ್ರಶ್ನೆ)

ಎಲ್ಲರಿಗೂ ಶರಣು. ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆ ಅಜ್ಜನ ಕಾಲದ್ದು. ಕಲ್ಲಿನ ಗೋಡೆಗಳು ಒಂದೂವರೆ ಮೊಳ ದಪ್ಪ ಇರುವುದರಿಂದ ಒಳಗಿನ ಕೋಣೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ವೈಫೈ ಕೂಡ ಪಡಸಾಲೆ ದಾಟುವಷ್ಟರಲ್ಲಿ ಸೊರಗಿಹೋಗಿರುತ್ತದೆ. ಈ ಕಾರಣಕ್ಕೇ ನಮ್ಮ ತಂದೆಯವರು ಪಡಸಾಲೆಗೆ ಒಂದು, ಅವ್ವನ ಕೋಣೆಗೆ ಒಂದು, ಮಾಳಿಗೆಯ ಕೋಣೆಗೆ ಒಂದು ಎಂದು ತಂತಿ ಎಳೆಸಿ, ಒಂದೇ ಲೈನಿಗೆ ಮೂರು ಫೋನುಗಳನ್ನು ಪ್ಯಾರಲಲ್ ಹಾಕಿಸಿದ್ದರು.

ಕಳೆದ ತಿಂಗಳು ತಾಮ್ರದ ಲೈನನ್ನು ತೆಗೆದು ಫೈಬರ್ ಕೊಟ್ಟರು. ನಂಬರು ಅದೇ ಉಳಿಯಿತು. ಅಳವಡಿಸಲು ಬಂದ ಹುಡುಗ ಪಡಸಾಲೆಯ ಫೋನನ್ನು ಫೈಬರ್ ಪೆಟ್ಟಿಗೆಯ ಹಿಂದಿನ ತೂತಿಗೆ ಸಿಕ್ಕಿಸಿ, ಒಂದು ಕರೆ ಮಾಡಿ ತೋರಿಸಿ ಹೋದ. ಉಳಿದ ಎರಡು ಫೋನುಗಳು ಅಂದಿನಿಂದ ಮೂಕವಾಗಿವೆ. ಅವ್ವನಿಗೆ ಎಪ್ಪತ್ತೆಂಟು ವರ್ಷ. ಟಚ್ ಫೋನು ಅವರ ಕೈಗೆ ಒಗ್ಗಲಿಲ್ಲ. ಹಳೆಯ ಫೋನಿನ ಗುಂಡಿಗಳು ಮಾತ್ರ ಕತ್ತಲಲ್ಲಿಯೂ ಬೆರಳಿಗೆ ಗೊತ್ತು. ದಿನಕ್ಕೊಮ್ಮೆ ರಿಸೀವರ್ ಎತ್ತಿ ಕಿವಿಗಿಟ್ಟು, "ಇದರಾಗ ಜೀವಾನೇ ಇಲ್ಲ ನೋಡಪಾ" ಎಂದು ಇಡುತ್ತಾರೆ.

ನಾನೇ ಒಂದು ಉಪಾಯ ಮಾಡಿದೆ. ಪೆಟ್ಟಿಗೆಯ ಫೋನ್ ತೂತಿನಿಂದ ಒಂದು ತಂತಿ ತಂದು ಗೋಡೆಯ ಹಳೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಮನೆಯೊಳಗಿನ ತಂತಿಯ ಮೂಲಕ ಮೂರೂ ಫೋನುಗಳಿಗೆ ಜೀವ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಗುಂಯ್ ಎನ್ನುವ ಶಬ್ದ ಮಾತ್ರ. ಡಯಲ್ ಟೋನ್ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಅಂಕಿ ಒತ್ತಿದರೂ ಟೋನ್ ನಿಲ್ಲುವುದಿಲ್ಲ. ಎಲ್ಲಿ ತಪ್ಪಿದೆ?

ಇನ್ನೆರಡು ಮಾತು. ಮಾಳಿಗೆಯ ಫೋನು ಬೆರಳಿಟ್ಟು ತಿರುಗಿಸುವ ಹಳೆಯ ಡಯಲಿನದು, ಅದು ಇನ್ನು ನಡೆಯುತ್ತದೆಯೇ? ಅಮೆರಿಕದಲ್ಲಿರುವ ಅಣ್ಣನ ಮಗ, "ಕಾಕಾ, ಇಲ್ಲಿನ ನಂಬರ್ ಇರುವ ಒಂದು ಸಣ್ಣ ಬಾಕ್ಸ್ ಕಳಿಸುತ್ತೇನೆ, ಅದನ್ನೂ ಅದೇ ತಂತಿಗೆ ಸೇರಿಸಿಬಿಡಿ, ಎಲ್ಲಾ ಫ್ರೀ" ಎನ್ನುತ್ತಿದ್ದಾನೆ. ಹಾಗೆ ಮಾಡಬಹುದೇ?

ಶಹಾಬಜಾರದ ನಿವೃತ್ತ ಲೈನ್‌ಮನ್

ತಮ್ಮಾ, ಮೊದಲು ಪೆಟ್ಟಿಗೆಯಿಂದ ಗೋಡೆಗೆ ಹೋದ ಆ ತಂತಿಯನ್ನು ಕಿತ್ತಿಡು. ಮಿಕ್ಕದ್ದನ್ನು ಆಮೇಲೆ ಓದು.

ನಿನ್ನ ಉಪಾಯ ಸರಿಯಾಗಿಯೇ ಇದೆ, ಆದರೆ ಅರ್ಧ ಕೆಲಸ ಬಿಟ್ಟಿದ್ದೀ. ನಾವು ಲೈನಿನ ಮೇಲೆ ಕೆಲಸ ಮಾಡುವಾಗ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಡಿಸಿ ಎರಡು ತಂತಿಗಳ ಮೇಲೆ ಸದಾ ಇರುತ್ತಿತ್ತು. ಗಂಟೆ ಬಾರಿಸಬೇಕಾದಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಏರುತ್ತಿತ್ತು. ನೀನು ರಿಸೀವರ್ ಎತ್ತಿದ ಕೂಡಲೇ ಎರಡು ತಂತಿಗಳ ನಡುವೆ ಸುತ್ತು ಪೂರ್ಣವಾಗಿ, ವೋಲ್ಟೇಜು ಹತ್ತರ ಆಸುಪಾಸಿಗೆ ಇಳಿಯುತ್ತಿತ್ತು. ಎತ್ತಿದ್ದಾರೆ ಎಂದು ಎಕ್ಸ್‌ಚೇಂಜಿಗೆ ತಿಳಿಯುತ್ತಿದ್ದುದೇ ಹಾಗೆ. ಈಗ ಈ ಎಲ್ಲ ಕೆಲಸವನ್ನೂ ನಿನ್ನ ಪಡಸಾಲೆಯಲ್ಲಿರುವ ಪೆಟ್ಟಿಗೆಯೇ ಮಾಡುತ್ತದೆ. ಅದು ನಿನ್ನ ಮನೆಗೊಂದು ಗೇಣುದ್ದದ ಎಕ್ಸ್‌ಚೇಂಜು ಎಂದು ತಿಳಿ.

ನಿನ್ನ ಗೋಡೆಯ ಸಾಕೆಟ್ಟು ಒಳಗಿನ ಮೂರು ಕೋಣೆಗಳಿಗೆ ಮಾತ್ರ ಹೋಗಿಲ್ಲ. ಬೀದಿಯ ಕಂಬದ ಡಿಪಿಯಿಂದ, ಅಂದರೆ ಲೈನುಗಳನ್ನು ಹಂಚುವ ಡಬ್ಬಿಯಿಂದ, ಇಳಿದು ಬಂದ ಹಳೆಯ ಡ್ರಾಪ್ ವೈರ್ ಕೂಡ ಅದಕ್ಕೇ ಕೂಡಿದೆ. ಫೈಬರ್ ಕೊಟ್ಟವರು ಅದನ್ನು ಬಿಡಿಸಿಲ್ಲ. ಆ ಜೋಡಿಯಲ್ಲಿ ಇನ್ನೂ ಎಕ್ಸ್‌ಚೇಂಜಿನ ವೋಲ್ಟೇಜು ಬರುತ್ತಿದ್ದರೆ, ಒಂದೇ ಎರಡು ತಂತಿಗಳ ಮೇಲೆ ಇಬ್ಬರು ಯಜಮಾನರು ಕೂತಂತಾಯಿತು. ವೋಲ್ಟೇಜು ಬರದಿದ್ದರೂ ಕೆಟ್ಟದ್ದೇ. ಮಳೆ ನೀರು ಕುಡಿದ ಜಾಯಿಂಟುಗಳಿರುವ ನೂರಾರು ಮೀಟರ್ ತಂತಿಯ ಭಾರವನ್ನು ಆ ಸಣ್ಣ ಪೆಟ್ಟಿಗೆ ಹೊರಬೇಕಾಗುತ್ತದೆ. ಸಾಲದ್ದಕ್ಕೆ ಮುಂಗಾರಿನ ಮೊದಲ ಸಿಡಿಲು ಆ ದಾರಿಯಿಂದಲೇ ಒಳಗೆ ಬರುತ್ತದೆ.

ಮಾಡಬೇಕಾದದ್ದು ಇಷ್ಟು. ಡ್ರಾಪ್ ವೈರ್ ಮನೆಯೊಳಗೆ ಬರುವ ಮೊದಲ ಡಬ್ಬಿಯನ್ನು, ಅಂದರೆ ನಾವು ರೋಸೆಟ್ ಎನ್ನುತ್ತಿದ್ದುದನ್ನು, ಹುಡುಕು. ಸಾಮಾನ್ಯವಾಗಿ ಅದು ತಲಬಾಗಿಲ ಮೇಲೋ ಕಿಟಕಿಯ ಮಗ್ಗುಲಲ್ಲೋ ಇರುತ್ತದೆ. ಅದರಲ್ಲಿ ಹೊರಗಿನ ಜೋಡಿ ಒಂದು ಕಡೆ, ಒಳಗಿನ ಜೋಡಿಗಳು ಇನ್ನೊಂದು ಕಡೆ ಇದ್ದು, ಎರಡೂ ಒಂದೇ ಸ್ಕ್ರೂಗಳ ಕೆಳಗೆ ಸೇರಿರುತ್ತವೆ. ಹೊರಗಿನ ಎರಡು ತಂತಿಗಳನ್ನು ಮಾತ್ರ ಬಿಡಿಸಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಟೇಪು ಸುತ್ತಿ ಮಡಚಿಡು. ಒಳಗಿನವು ಕೂಡಿಕೊಂಡೇ ಇರಲಿ. ಆಮೇಲೆ ಪೆಟ್ಟಿಗೆಯ ಫೋನ್ ತೂತಿನಿಂದ ಬಂದ ತಂತಿಯನ್ನು ಮನೆಯ ಯಾವ ಕೋಣೆಯ ಸಾಕೆಟ್ಟಿಗಾದರೂ ಸಿಕ್ಕಿಸು. ಮೂಲ ಯಾವ ಕೋಣೆಯಲ್ಲಿದ್ದರೂ ಪ್ಯಾರಲಲ್ ತಂತಿಗೆ ವ್ಯತ್ಯಾಸವಿಲ್ಲ. ಸ್ಕ್ರೂ ಸಡಿಲಿಸುವಾಗ ಪೆಟ್ಟಿಗೆಯ ತಂತಿ ಕಿತ್ತೇ ಇರಲಿ. ಬರಿಗೈಯಲ್ಲಿ ಹಿಡಿದಾಗಲೇ ಯಾರಾದರೂ ಕರೆ ಮಾಡಿದರೆ ಗಂಟೆಯ ವೋಲ್ಟೇಜು ಚುರುಕು ಮುಟ್ಟಿಸುತ್ತದೆ. ಮೂವತ್ತು ವರ್ಷ ಕಂಬದ ಮೇಲೆ ಆ ಚುರುಕು ತಿಂದವನ ಮಾತಿದು.

ಹೌಸಿಂಗ್ ಬೋರ್ಡ್ ಕಾಲೊನಿಯ ಶಿಕ್ಷಕಿ

ಕಾಕಾ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಾಮ್ರದ ಲೈನಿನ ಮೇಲೆ ಬ್ರಾಡ್‌ಬ್ಯಾಂಡ್ ಇದ್ದ ಮನೆಗಳಲ್ಲಿ ಫೋನಿಗೂ ಮೋಡೆಮಿಗೂ ನಡುವೆ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ಇರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲ ಸರಿಮಾಡಿದ ಮೇಲೂ ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಹುಡುಕಿದಾಗ ಟಿವಿ ಮೇಜಿನ ಹಿಂದೆ ಧೂಳು ಹಿಡಿದ ಆ ಸ್ಪ್ಲಿಟರ್ ಇನ್ನೂ ತಂತಿಗೆ ಕೂಡಿಕೊಂಡಿತ್ತು. ಫೈಬರಿಗೆ ಅದರ ಅಗತ್ಯವೇ ಇಲ್ಲ. ತೆಗೆದು ನೇರವಾಗಿ ಜೋಡಿಸಿದ ಮೇಲೆ ಸರಿಹೋಯಿತು.

ಬ್ರಹ್ಮಪುರದ ಮನೆಯವರು

ನಿನ್ನೆ ಸಂಜೆ ಡಬ್ಬಿ ಸಿಕ್ಕಿತು. ತಲಬಾಗಿಲ ಮೇಲೆ, ಸುಣ್ಣ ಬಳಿದು ಬಳಿದು ಗೋಡೆಯ ಬಣ್ಣಕ್ಕೇ ತಿರುಗಿದ್ದ ಡಬ್ಬಿ. ನೆರೆಮನೆಯ ಎಲೆಕ್ಟ್ರಿಷಿಯನ್ ಮೀಟರು ಹಿಡಿದು ನೋಡಿದಾಗ ಹೊರಗಿನ ಜೋಡಿಯಲ್ಲಿ ಇನ್ನೂ 49 ವೋಲ್ಟ್ ತೋರಿಸಿತು. ಲೈನು ತೆಗೆದು ತಿಂಗಳಾಗಿದೆ ಎಂದುಕೊಂಡಿದ್ದೆವು. ಅದನ್ನು ಬಿಡಿಸಿ ಟೇಪು ಸುತ್ತಿದ ಮೇಲೆ ಮೂರೂ ಫೋನುಗಳಲ್ಲಿ ಡಯಲ್ ಟೋನ್ ಬಂತು. ಕಾಕಾ ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ಆದರೆ ಗಂಟೆಯೇ ಸರಿಯಿಲ್ಲ. ಮೊದಲು ಟ್ರಿಂಗ್ ಟ್ರಿಂಗ್ ಎಂದು ಓಣಿಯ ತಿರುವಿನವರೆಗೆ ಕೇಳುತ್ತಿದ್ದುದು ಈಗ ಕಿರ್ ಎಂದು ನರಳಿ ಸುಮ್ಮನಾಗುತ್ತದೆ.

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ

ಅದು ದೋಷವಲ್ಲ, ಶಕ್ತಿಯ ಮಿತಿ. ಹಳೆಯ ಫೋನಿನ ಗಂಟೆಯೊಳಗೆ ಒಂದು ಸುರುಳಿ, ಒಂದು ಸುತ್ತಿಗೆ, ಎರಡು ಲೋಹದ ಬಟ್ಟಲುಗಳಿರುತ್ತವೆ. ಆ ಸುತ್ತಿಗೆಯನ್ನು ಅಲ್ಲಾಡಿಸಲು ಸಾಕಷ್ಟು ಶಕ್ತಿ ಬೇಕು. ಒಂದು ಸಾಧಾರಣ ಫೋನು ಗಂಟೆ ಬಾರಿಸಲು ಎಳೆಯುವ ಭಾರವನ್ನು ಒಂದು ಎಂದು ಎಣಿಸುವ ಅಳತೆಯೊಂದಿದೆ. ಅದಕ್ಕೆ ಆರ್‌ಇಎನ್ ಎನ್ನುತ್ತಾರೆ. ಬಟ್ಟಲಿನ ಗಂಟೆಯ ಫೋನುಗಳು ಒಂದು ಅಥವಾ ಅದಕ್ಕೂ ಹೆಚ್ಚು, ಪೀಂ ಪೀಂ ಎನ್ನುವ ಎಲೆಕ್ಟ್ರಾನಿಕ್ ಫೋನುಗಳು ಒಂದಕ್ಕಿಂತ ಸಾಕಷ್ಟು ಕಡಿಮೆ. ಎಕ್ಸ್‌ಚೇಂಜು ಇಂಥ ಭಾರವನ್ನು ಸಲೀಸಾಗಿ ಹೊರುತ್ತಿತ್ತು. ಹಳೆಯ ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸಲು ಬೇರೆಯಾಗಿ ಕೊಳ್ಳುವ ಅಡಾಪ್ಟರುಗಳಲ್ಲಿ ಬಹಳಷ್ಟು ಮೂರರಿಂದ ಐದರವರೆಗೆ ಹೊರುತ್ತವೆ. ಫೈಬರ್ ಪೆಟ್ಟಿಗೆಗಳಲ್ಲಿ ಕೆಲವು ಅಷ್ಟೂ ಹೊರುವುದಿಲ್ಲ.

ಹಾಗಾಗಿ ಎಲ್ಲ ಫೋನುಗಳನ್ನೂ ಕಿತ್ತು, ಒಂದೊಂದಾಗಿ ಸಿಕ್ಕಿಸುತ್ತಾ ಮೊಬೈಲಿನಿಂದ ಕರೆ ಮಾಡಿ ನೋಡಿ. ಯಾವುದನ್ನು ಸೇರಿಸಿದಾಗ ಗಂಟೆ ಸೋಲುತ್ತದೆಯೋ ಅದರ ಗಂಟೆಯನ್ನು ಮಾತ್ರ ನಿಲ್ಲಿಸಿ. ಎಲೆಕ್ಟ್ರಾನಿಕ್ ಫೋನಾದರೆ ಬದಿಯಲ್ಲಿ ಸ್ವಿಚ್ಚು ಇರುತ್ತದೆ; ಬಟ್ಟಲಿನದಾದರೆ ಒಳಗೆ ಗಂಟೆಯ ಒಂದು ತಂತಿ ಬಿಚ್ಚಿದರೆ ಸಾಕು, ಮಾತು ನಿಲ್ಲುವುದಿಲ್ಲ.

ಡಯಲ್ ತಿರುಗಿಸುವ ಫೋನಿನ ಬಗ್ಗೆ ಕೇಳಿದ್ದೀರಿ. ಅದು ಅಂಕಿಯನ್ನು ಸ್ವರವಾಗಿ ಕಳಿಸುವುದಿಲ್ಲ, ಲೈನನ್ನು ಕಡಿದು ಕಡಿದು ಕಳಿಸುತ್ತದೆ. ಐದು ತಿರುಗಿಸಿದರೆ ಐದು ಬಾರಿ ಕಡಿತ, ಸೊನ್ನೆಗೆ ಹತ್ತು ಬಾರಿ. ಈ ಕಡಿತಗಳನ್ನು ಎಣಿಸುವ ಬುದ್ಧಿ ಕೆಲವು ಅಡಾಪ್ಟರುಗಳಿಗಿದೆ, ಬಹಳಷ್ಟು ಪೆಟ್ಟಿಗೆಗಳಿಗೆ ಇಲ್ಲ. ಬಂದ ಕರೆಯನ್ನು ಎತ್ತಿ ಮಾತಾಡಲು ಮಾತ್ರ ಯಾವ ತೊಂದರೆಯೂ ಇರದು. ಕಡಿತವನ್ನು ಸ್ವರಕ್ಕೆ ಬದಲಿಸುವ ಪರಿವರ್ತಕಗಳೂ ಸಿಗುತ್ತವೆ, ಆದರೆ ಒಂದು ಮಾಳಿಗೆ ಫೋನಿಗಾಗಿ ಅಷ್ಟು ಖರ್ಚು ಬೇಕೇ ಎಂಬುದು ನಿಮಗೆ ಬಿಟ್ಟದ್ದು.

ಬೇಳೆ ಮಿಲ್ಲಿನ ಲೆಕ್ಕಿಗ

ನಮ್ಮದು ಮನೆಯಲ್ಲ, ತೊಗರಿ ಬೇಳೆ ಮಿಲ್ಲಿನ ಆಫೀಸು; ಆದರೂ ಇದೇ ದಾರಿಯಲ್ಲಿ ಎಡವಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ನಂಬರು ಹೊರ ರಾಜ್ಯಗಳ ವ್ಯಾಪಾರಿಗಳ ಡೈರಿಗಳಲ್ಲಿ ಹಳೆಯ ಶಾಯಿಯಲ್ಲಿ ಕೂತಿದೆ, ಬಿಡುವಂತಿಲ್ಲ. ಫೈಬರ್ ಪೆಟ್ಟಿಗೆ ಎರಡನೇ ಮಹಡಿಯಲ್ಲಿ, ಫೋನು ಕೆಳಗೆ ತೂಕದ ಕೋಣೆಯಲ್ಲಿ. ಹಾಗಾಗಿ ಇಂಟರ್‌ನೆಟ್ ಕೇಬಲ್ ಎಳೆದು ಕೆಳಗೆ ಬೇರೆ ಅಡಾಪ್ಟರ್ ಇಟ್ಟೆವು.

ಒಳಬರುವ ಕರೆ ಸರಿಯಾಗಿ ಬರುತ್ತಿತ್ತು. ಹೊರಗೆ ಮೊಬೈಲುಗಳಿಗೆ ಮಾಡಿದರೆ ಒಂದೂ ಹತ್ತುತ್ತಿರಲಿಲ್ಲ. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದು ಇಷ್ಟೇ: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಲೇಬೇಕು, ಒಟ್ಟು ಹನ್ನೊಂದು ಅಂಕಿ. ನಮ್ಮ ಅಡಾಪ್ಟರಿನೊಳಗೆ ಯಾರೋ ಬರೆದಿಟ್ಟಿದ್ದ ಡಯಲ್ ಪ್ಲಾನು, ಅಂದರೆ ಎಷ್ಟು ಅಂಕಿ ಬಂದರೆ ಕರೆ ಕಳಿಸಬೇಕೆಂಬ ಪಟ್ಟಿ, ಹತ್ತು ಅಂಕಿ ಬಿದ್ದ ಕೂಡಲೇ ಕರೆಯನ್ನು ಕಳಿಸಿಬಿಡುತ್ತಿತ್ತು. ಸೊನ್ನೆ ಒತ್ತಿದರೆ ಕೊನೆಯ ಅಂಕಿ ಉದುರುತ್ತಿತ್ತು, ಸೊನ್ನೆ ಒತ್ತದಿದ್ದರೆ ನಿಯಮ ಅಡ್ಡ ಬರುತ್ತಿತ್ತು.

ಅದೇ ಪ್ಲಾನಿನಲ್ಲಿ ಊರೊಳಗಿನ ಆರು ಅಂಕಿಯ ನಂಬರಿಗೂ ಒಂದು ಸಾಲು ಬೇಕು. ಎಕ್ಸ್‌ಚೇಂಜಿಗೆ ನಾವು ಕಲಬುರಗಿಯಲ್ಲಿದ್ದೇವೆ ಎಂದು ಗೊತ್ತಿತ್ತು. ಅಡಾಪ್ಟರಿಗೆ ಅದು ತಾನಾಗಿ ಗೊತ್ತಿರುವುದಿಲ್ಲ. ಆರೇ ಅಂಕಿ ಒತ್ತಿದರೆ ಮುಂದೆ 08472 ಸೇರಿಸು ಎಂದು ಬರೆದ ಮೇಲೆ ನಮ್ಮ ಹಮಾಲರ ಮೇಸ್ತ್ರಿಯೂ ಮೊದಲಿನಂತೆಯೇ ಡಯಲ್ ಮಾಡುತ್ತಿದ್ದಾನೆ. ಬೀದರಿನವರಾದರೆ ಅಲ್ಲಿ 08482, ಯಾದಗಿರಿಯವರಾದರೆ 08473 ಹಾಕಿಕೊಳ್ಳಬೇಕು. ಅಂಕಿ ಒತ್ತಿ ಮುಗಿದ ಮೇಲೆ ನಾಲ್ಕೈದು ಸೆಕೆಂಡು ಮೌನ ಎನಿಸಿದರೆ ಗಾಬರಿಯಾಗಬೇಡಿ, ಇನ್ನೂ ಅಂಕಿ ಬರಬಹುದೆಂದು ಅದು ಕಾಯುತ್ತಿರುತ್ತದೆ. ಬಹಳಷ್ಟು ಅಡಾಪ್ಟರುಗಳಲ್ಲಿ ಕೊನೆಗೆ ಹ್ಯಾಶ್ ಗುಂಡಿ ಒತ್ತಿದರೆ ತಕ್ಷಣ ಕಳಿಸುತ್ತದೆ.

ಬೀದರಿನ ಓದುಗ

ಬೇರೆ ಅಡಾಪ್ಟರ್ ಇಟ್ಟವರಿಗೆ ನನ್ನದೊಂದು ಪ್ರಶ್ನೆ. ನಮ್ಮದು ಬೀದರಿನ ಕೋಟೆಯ ಹತ್ತಿರದ ಹಳೇ ಊರು, ಕೆಂಪು ಕಲ್ಲಿನ ಮನೆ. ಅಲ್ಲಿಯೂ ಸಿಗ್ನಲಿನದು ಇದೇ ಕಥೆ. ಓಣಿಯ ಕೇಬಲ್ ಆಪರೇಟರನ ಇಂಟರ್‌ನೆಟ್, ಕರೆಗಳಿಗೆ ಬೇರೊಂದು ಪರವಾನಗಿ ಇರುವ ಕಂಪನಿಯ ಖಾತೆ. ನಾವು ಮಾಡುವ ಕರೆ ಯಾವಾಗಲೂ ಹತ್ತುತ್ತದೆ. ನಮಗೆ ಬರುವ ಕರೆ ಮಾತ್ರ, ಅಡಾಪ್ಟರ್ ಆರಿಸಿ ಹಚ್ಚಿದ ಮೇಲೆ ಎರಡು ಮೂರು ನಿಮಿಷ ಬಂದು ಆಮೇಲೆ ನಿಂತುಹೋಗುತ್ತದೆ. ಕೆಲವೊಮ್ಮೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಕಂಪನಿಯವರು ಇಂಟರ್‌ನೆಟ್‌ನವರ ಕಡೆಗೂ, ಅವರು ಇವರ ಕಡೆಗೂ ಬೆರಳು ತೋರಿಸುತ್ತಿದ್ದಾರೆ.

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ

ಇಬ್ಬರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಕರೆಯ ಮಾತುಕತೆ ಎರಡು ಭಾಗದಲ್ಲಿ ನಡೆಯುತ್ತದೆ. ಯಾರಿಗೆ ಕರೆ, ಎತ್ತಿದರೇ, ಇಟ್ಟರೇ ಎಂಬ ಒಕ್ಕಣೆಯನ್ನು ಎಸ್‌ಐಪಿ ಎಂಬ ನಿಯಮದ ಪ್ರಕಾರ ಕಳಿಸುತ್ತಾರೆ. ಅದು ಸಾಮಾನ್ಯವಾಗಿ 5060ನೇ ಪೋರ್ಟಿನ ಮೂಲಕ ಸಾಗುತ್ತದೆ. ಧ್ವನಿ ಮಾತ್ರ ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ, ಬೇರೆ ಪೋರ್ಟುಗಳಲ್ಲಿ ಹೋಗುತ್ತದೆ. ನಡುವೆ ನಿಮ್ಮ ರೌಟರು ಬಾಗಿಲು ಕಾಯುವವನಂತೆ ಕೂತಿರುತ್ತದೆ. ಒಳಗಿನಿಂದ ಹೊರಗೆ ಹೋದವರ ಗುರುತಿಟ್ಟುಕೊಂಡು, ಅವರಿಗೆ ಬಂದ ಉತ್ತರವನ್ನು ಸ್ವಲ್ಪ ಹೊತ್ತು ಒಳಗೆ ಬಿಡುತ್ತದೆ. ಬಹಳ ಹೊತ್ತು ಸದ್ದಿಲ್ಲದಿದ್ದರೆ ಆ ಗುರುತನ್ನು ಅಳಿಸಿಬಿಡುತ್ತದೆ. ಆಮೇಲೆ ಬಂದ ಕರೆ ಬಾಗಿಲಲ್ಲಿಯೇ ಉಳಿಯುತ್ತದೆ. ನಿಮ್ಮ ಎರಡು ಮೂರು ನಿಮಿಷದ ಲೆಕ್ಕ ಅಲ್ಲಿಗೆ ಸರಿಹೊಂದುತ್ತದೆ.

ಅಡಾಪ್ಟರಿನ ಸೆಟ್ಟಿಂಗ್ಸ್ ಪುಟದಲ್ಲಿ ನ್ಯಾಟ್ ಕೀಪ್‌ಅಲೈವ್ ಎಂಬ ಆಯ್ಕೆಯನ್ನು ಹಚ್ಚಿ 20 ಸೆಕೆಂಡು ಇಡಿ. ಅದು 20 ಸೆಕೆಂಡಿಗೊಮ್ಮೆ ಹೊರಗೊಂದು ಸಣ್ಣ ಸದ್ದು ಮಾಡಿ ಬಾಗಿಲು ತೆರೆದಿಟ್ಟುಕೊಳ್ಳುತ್ತದೆ. ಎರಡನೆಯದಾಗಿ, ರೌಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಇಂಥ ಕರೆಗಳಿಗೆ ಸಹಾಯ ಮಾಡಲೆಂದೇ ಅದನ್ನು ಇಟ್ಟಿದ್ದಾರೆ. ಆದರೆ ಹಲವು ರೌಟರುಗಳಲ್ಲಿ ಅದು ಒಕ್ಕಣೆಯೊಳಗಿನ ವಿಳಾಸವನ್ನು ತಪ್ಪಾಗಿ ತಿದ್ದಿ ಒಮ್ಮುಖ ಧ್ವನಿಗೆ ಕಾರಣವಾಗುತ್ತದೆ. ಇವೆರಡರಿಂದಲೂ ಒಮ್ಮುಖ ಧ್ವನಿಯ ತೊಂದರೆ ಹೋಗದಿದ್ದರೆ, ಅಡಾಪ್ಟರು ತನ್ನ ಹೊರಗಿನ ವಿಳಾಸವನ್ನು ತಾನೇ ಕೇಳಿ ತಿಳಿದುಕೊಳ್ಳುವ ಸ್ಟನ್ ಆಯ್ಕೆಯನ್ನು ಹಚ್ಚಿ ನೋಡಿ. ಇದೇ ಪುಟಕ್ಕೆ ಹೋದಾಗ ಅಡಾಪ್ಟರಿನ ಮೊದಲಿನ ಪಾಸ್‌ವರ್ಡ್ ಬದಲಿಸುವುದನ್ನು ಮರೆಯಬೇಡಿ, ವಿದೇಶಿ ಕರೆ ಬೇಡವಾದರೆ ಖಾತೆಯಲ್ಲಿಯೇ ನಿಲ್ಲಿಸಿ. ಅದೇ ಹಳೆಯ ಪಾಸ್‌ವರ್ಡ್ ಬಿಟ್ಟವರ ಖಾತೆಯಿಂದ ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡಿ ಬಿಲ್ಲು ಏರಿಸುವುದೇ ಕೆಲವರ ಕಸುಬು.

ವೇಗ ಸಾಲದೇ ಎಂದು ಯಾರೂ ಚಿಂತಿಸಬೇಕಿಲ್ಲ. ಭಾರತದ ದೂರವಾಣಿಯಲ್ಲಿ ಬಳಸುವ ಜಿ.711 ಎಂಬ ಸಂಕೇತದಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್, ಪ್ರತಿ 20 ಮಿಲಿಸೆಕೆಂಡಿನ ಪೊಟ್ಟಣಕ್ಕೂ ಅಂಟಿಸುವ ವಿಳಾಸದ ಚೀಟಿ ಸೇರಿ 80 ಆಗುತ್ತದೆ. ಜಿ.729 ಎಂಬ ಹಿಂಡಿದ ಸಂಕೇತದಲ್ಲಿ ಚೀಟಿ ಸೇರಿ 24 ಸಾಕು. ತೊಂದರೆ ಕೊಡುವುದು ತಡ. ಬಾಯಿಂದ ಹೊರಟ ಮಾತು ಇನ್ನೊಬ್ಬರ ಕಿವಿ ತಲುಪಲು 150 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ. 400 ಮೀರಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, "ಹೇಳ್ರಿ, ಹೇಳ್ರಿ" ಎನ್ನುತ್ತಾ ಕೂರಬೇಕಾಗುತ್ತದೆ. ಮಕ್ಕಳು ದೊಡ್ಡ ವಿಡಿಯೊ ಮೇಲೇರಿಸುವಾಗ ಮಾತು ತುಂಡಾಗುವುದಾದರೆ, ರೌಟರಿನಲ್ಲಿ ಧ್ವನಿಗೆ ಮೊದಲ ಮನ್ನಣೆ ಕೊಡುವ ಆಯ್ಕೆ ಹುಡುಕಿ.

ಬೀದರಿನ ಓದುಗ

ಕೀಪ್‌ಅಲೈವ್ ಹಚ್ಚಿದೆ, ಎಎಲ್‌ಜಿ ಆಫ್ ಮಾಡಿದೆ. ನಿನ್ನೆ ಬೆಳಗಿನಿಂದ ಒಂದೂ ಕರೆ ತಪ್ಪಿಲ್ಲ. ಸ್ಟನ್ ಬೇಕಾಗಲಿಲ್ಲ.

ಸೇಡಂ ರಸ್ತೆಯ ಯುವಕ

ಅಣ್ಣಾವ್ರೇ, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ತಂತಿ, ಗಂಟೆ, ವೋಲ್ಟು ಯಾಕೆ? ಒಳಗೆ ಇನ್ನೊಂದು ವೈಫೈ ಪೆಟ್ಟಿಗೆ ಇಟ್ಟು ಮೊಬೈಲಿನಲ್ಲಿ ವೈಫೈ ಕಾಲಿಂಗ್ ಹಚ್ಚಿದರೆ ಸಿಗ್ನಲ್ ಇಲ್ಲದ ಕೋಣೆಯಲ್ಲೂ ಮಾತಾಡಬಹುದಲ್ಲ?

ಹೌಸಿಂಗ್ ಬೋರ್ಡ್ ಕಾಲೊನಿಯ ಶಿಕ್ಷಕಿ

ನಿಮಗೂ ನನಗೂ ಅದು ಒಳ್ಳೆಯ ದಾರಿಯೇ, ತಮ್ಮ. ಆದರೆ ಕೇಳಿದವರ ಮನೆಯಲ್ಲಿ ಫೋನು ಎತ್ತಬೇಕಾದವರು ಅವರ ತಾಯಿ. ಮೊಬೈಲಿಗೆ ಚಾರ್ಜ್ ಇರಬೇಕು, ಅದು ಎಲ್ಲಿದೆ ಎಂದು ನೆನಪಿರಬೇಕು, ಪರದೆಯ ಮೇಲೆ ಹಸಿರು ಗುರುತನ್ನು ಎಳೆಯಬೇಕು. ಗೋಡೆಗೆ ಕಟ್ಟಿಹಾಕಿದ ಫೋನು ಇಟ್ಟಲ್ಲೇ ಇರುತ್ತದೆ. ನಮ್ಮತ್ತೆಯವರು ಮೊಬೈಲನ್ನು ಗೌರವದಿಂದ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಾರೆ. ಅದು ಅಲ್ಲಿಂದಲೇ ಕೂಗುತ್ತದೆ.

ವಕೀಲಿ ವೃತ್ತಿಯವರು, ಕಲಬುರಗಿ

ಅಮೆರಿಕದಿಂದ ಬರುವ ಬಾಕ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಇಂಟರ್‌ನೆಟ್ ದೂರವಾಣಿಗೆ ಬಾಗಿಲು ತೆರೆದದ್ದು 2002ರ ಏಪ್ರಿಲ್ 1ರಿಂದ. ಆದರೆ ಅರ್ಧ ಬಾಗಿಲು ಮಾತ್ರ. ಇಂಟರ್‌ನೆಟ್ ಸೇವಾದಾರರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಅಥವಾ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಕರೆ ಮಾಡಿಸಬಹುದಿತ್ತು, ಭಾರತದೊಳಗಿನ ಸಾಮಾನ್ಯ ಫೋನಿಗೆ ಜೋಡಿಸುವಂತಿರಲಿಲ್ಲ. 2014ರ ನವೆಂಬರ್ 10ರಿಂದ ಸ್ಕೈಪ್ ಭಾರತದೊಳಗಿಂದ ಭಾರತದ್ದೇ ಮೊಬೈಲು ಮತ್ತು ಸ್ಥಿರ ದೂರವಾಣಿಗಳಿಗೆ ಮಾಡುವ ಕರೆಯನ್ನು ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. 2017ರ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿತು. 2018ರ ಜೂನಿನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತುಗಳನ್ನು ತಿದ್ದಿ, ಧ್ವನಿ ಸೇವೆಯ ಪರವಾನಗಿ ಉಳ್ಳ ಕಂಪನಿಗಳು ಯಾವುದೇ ಇಂಟರ್‌ನೆಟ್ ಮೂಲಕ ಭಾರತದ ನಂಬರು ಕೊಟ್ಟು ಕರೆ ನಡೆಸಲು ಅವಕಾಶವಾಯಿತು. ಮರುತಿಂಗಳೇ ಬಿಎಸ್‌ಎನ್‌ಎಲ್ ತನ್ನ ವಿಂಗ್ಸ್ ಸೇವೆಯನ್ನು ಪ್ರಕಟಿಸಿತು.

ಒಟ್ಟಿನಲ್ಲಿ ಭಾರತದ ನಂಬರು ಬೇಕಾದರೆ ಪರವಾನಗಿ ಇರುವವರಿಂದಲೇ ಪಡೆಯಿರಿ. ಅಮೆರಿಕದಲ್ಲಿರುವ ಹುಡುಗನೊಂದಿಗೆ ಮಾತ್ರ ಮಾತಾಡಬೇಕಾದರೆ ಇಂಟರ್‌ನೆಟ್ಟಿನಿಂದ ಇಂಟರ್‌ನೆಟ್ಟಿಗೆ ಮಾತಾಡುವ ಆ್ಯಪುಗಳು ಧಾರಾಳವಾಗಿವೆ. ವಿದೇಶದಿಂದ ಇಂಟರ್‌ನೆಟ್ ಮೂಲಕ ಬಂದ ಕರೆಯನ್ನು ನಿಮ್ಮ ಮನೆಯ ಪೆಟ್ಟಿಗೆಯೊಂದರಲ್ಲಿ ಇಲ್ಲಿನ ಲೈನಿಗೋ ಸಿಮ್ಮಿಗೋ ತಿರುಗಿಸಿ ಬೇರೆಯವರಿಗೆ ಮುಟ್ಟಿಸುವುದು ಮಾತ್ರ ಸ್ಪಷ್ಟವಾಗಿ ಅಪರಾಧ. ಪೊಲೀಸರು ಸಿಮ್ ಬಾಕ್ಸ್ ಎಂದು ಹಿಡಿಯುವುದು ಇದನ್ನೇ. "ನಿಮ್ಮ ಇಂಟರ್‌ನೆಟ್ ಹತ್ತಿರ ಒಂದು ಡಬ್ಬಿ ಇಟ್ಟುಕೊಳ್ಳಿ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ" ಎಂದು ಯಾರಾದರೂ ಬಂದರೆ ಹೊಸಿಲ ಹೊರಗೇ ನಿಲ್ಲಿಸಿ.

ಇನ್ನೊಂದು ಮಾತು ಕಾನೂನಿನದಲ್ಲ, ಜೀವದ್ದು. ಅಮೆರಿಕದ ಖಾತೆಯ ಫೋನಿನಲ್ಲಿ ರಾತ್ರಿ ಎದೆನೋವೆಂದು 108 ಅಥವಾ 112 ಒತ್ತಿದರೆ ಅದು ಕಲಬುರಗಿಯ ಆಂಬುಲೆನ್ಸಿಗೆ ಹೋಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಹಿರಿಯರು ಕೈಚಾಚುವ ಫೋನಿನಲ್ಲಿ ಊರಿನ ಲೈನೇ ಇರಲಿ.

ಶಹಾಬಜಾರದ ನಿವೃತ್ತ ಲೈನ್‌ಮನ್

ವಕೀಲ ಸಾಹೇಬರು ಹೇಳಿದ್ದು ಸರಿ. ನನ್ನ ಕಡೆಯಿಂದ ತಂತಿಯ ಮಾತು: ಆ ಬಾಕ್ಸನ್ನು ಅದೇ ತಂತಿಗೆ ಸೇರಿಸಲೇಬೇಡ. ಅದೂ ತನ್ನದೇ 48 ವೋಲ್ಟ್ ಕೊಡುವ ಇನ್ನೊಬ್ಬ ಯಜಮಾನ. ಮೊನ್ನೆ ತಲಬಾಗಿಲಿಂದ ಹೊರಗೆ ಹಾಕಿದ್ದನ್ನು ಇಂದು ಹಿತ್ತಲಿಂದ ಕರೆದಂತಾಗುತ್ತದೆ.

ಕರೆಂಟಿನ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ಮಾತು ಅದೇ. ಹಿಂದೆ ಊರೆಲ್ಲ ಕತ್ತಲಾದರೂ ಫೋನು ನಡೆಯುತ್ತಿತ್ತು, ಯಾಕೆಂದರೆ ಅದರ ಅನ್ನ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಈಗ ನಿನ್ನ ಮನೆಯ ಪ್ಲಗ್ಗಿನಿಂದ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ. ಮೇ ತಿಂಗಳ ರಾತ್ರಿ ಕರೆಂಟು ಹೋದಾಗ ಅವ್ವ ರಿಸೀವರ್ ಎತ್ತಿದರೆ ಮತ್ತೆ ಜೀವ ಇರುವುದಿಲ್ಲ.

ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆ, ಓದು. ಬಹಳಷ್ಟು 12 ವೋಲ್ಟಿನವು. ರೌಟರಿಗೆಂದೇ ಮಾರುವ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ. ಅದೇ ವೋಲ್ಟಿನದು, ಅಷ್ಟೇ ಅಥವಾ ಹೆಚ್ಚು ಆಂಪಿಯರಿನದು ತಾ. ಫೋನಿಗೆಂದು ಬೇರೆ ಅಡಾಪ್ಟರ್ ಇಟ್ಟುಕೊಂಡವರು ಜೋಕೆ, ಅವುಗಳಲ್ಲಿ ಕೆಲವು 5 ವೋಲ್ಟಿನವು. 12ಕ್ಕೆ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪೆಟ್ಟಿಗೆಯ ಪ್ಲಗ್ಗನ್ನು ಆ ಲೈನಿಗೇ ಹಾಕಿಸಿಬಿಡು. ಲೆಕ್ಕ ಬೇಕೆಂದರೆ ಕೇಳು: 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 84 ವಾಟ್ ಅವರ್ ಇರುತ್ತದೆ. ಬ್ಯಾಟರಿ ಹಳೆಯದೆಂದು ಅರ್ಧವನ್ನೇ ನಂಬಿದರೂ, 8 ವಾಟ್ ತಿನ್ನುವ ಪೆಟ್ಟಿಗೆ ಐದು ತಾಸು ನಡೆಯುತ್ತದೆ.

ನಿನ್ನ ಮನೆಯ ಬ್ಯಾಟರಿ ಒಂದೇ ಸಾಲದು. ಕರೆಂಟು ಹೋದಾಗ ಪೆಟ್ಟಿಗೆಯ ದೀಪಗಳನ್ನು ನೋಡು. ಪಾನ್ ಎಂಬ ದೀಪ ಹಸಿರಾಗಿಯೇ ಇದ್ದರೆ ಆ ಕಡೆಯ ತುದಿಗೂ ಜೀವವಿದೆ. ಲಾಸ್ ಎಂಬ ಕೆಂಪು ದೀಪ ಹತ್ತಿದರೆ ಬೆಳಕೇ ಬರುತ್ತಿಲ್ಲ. ಓಣಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರಿಗೆ ಕರೆಂಟು ಬೇಡ. ಆದರೆ ಕೆಲವು ಕೇಬಲ್‌ನವರು ಕಂಬದ ಡಬ್ಬಿಯಲ್ಲಿ ಕರೆಂಟಿನ ಸ್ವಿಚ್ಚುಗಳನ್ನು ಇಟ್ಟಿರುತ್ತಾರೆ, ಓಣಿಯ ಕರೆಂಟು ಹೋದರೆ ಅವೂ ಹೋಗುತ್ತವೆ. ಬೀದರಿನವರು ಇದನ್ನು ಕೇಳಿಕೊಳ್ಳಬೇಕು.

ಬಿಸಿಲಿನದೂ ಒಂದು ಮಾತು. ನಮ್ಮಲ್ಲಿ ಮೇ ತಿಂಗಳು 42–43 ಡಿಗ್ರಿ ಮುಟ್ಟುತ್ತದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಕೇಂದ್ರ ಹಳ್ಳಿಗಳಿಗೆಂದು ಮಾಡಿದ 128 ಲೈನಿನ ಎಕ್ಸ್‌ಚೇಂಜು ಏಸಿ ಇಲ್ಲದೆ ಇಂಥ ಸೆಕೆಯಲ್ಲೇ ನಡೆಯುವಂತೆ ಕಟ್ಟಿದ್ದಾಗಿತ್ತು. ಈ ಪ್ಲಾಸ್ಟಿಕ್ ಪೆಟ್ಟಿಗೆಗಳು ಅಂಥ ಗಟ್ಟಿಪಿಂಡಗಳಲ್ಲ. ಪತ್ರಾಸಿನ ಕೆಳಗಾಗಲಿ ಟಿವಿಯ ಮೇಲಾಗಲಿ ಇಡದೆ, ಗಾಳಿಯಾಡುವ ಗೂಡಿನಲ್ಲಿಡು.

ಬ್ರಹ್ಮಪುರದ ಮನೆಯವರು

ಎಲ್ಲ ಮಾಡಿದೆವು. ಮೂರರಲ್ಲಿ ಮಾಳಿಗೆಯ ಡಯಲ್ ಫೋನೇ ಗಂಟೆ ಬಾರಿಸಲು ಹೆಚ್ಚು ಎಳೆಯುತ್ತಿತ್ತು. ಅದರ ಗಂಟೆಯ ತಂತಿ ಬಿಚ್ಚಿದ ಮೇಲೆ ಪಡಸಾಲೆಯದೂ ಅವ್ವನ ಕೋಣೆಯದೂ ಮೊದಲಿನಂತೆ ಬಾರಿಸುತ್ತಿವೆ. ಡಯಲ್ ತಿರುಗಿಸಿದರೆ ನಮ್ಮ ಪೆಟ್ಟಿಗೆ ಎಣಿಸುವುದಿಲ್ಲ. ಕೆಳಗಿನವರು ಎತ್ತಿದ ಕರೆಯನ್ನು ಮೇಲಿನವರೂ ಎತ್ತಿ ಮಾತಾಡುವುದಕ್ಕೆ ಅದು ಸಾಕು. ಪೆಟ್ಟಿಗೆಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿ, ನಿನ್ನೆ ಸಂಜೆ ಮೇನ್ ಸ್ವಿಚ್ಚು ಆರಿಸಿ ಅವ್ವನಿಂದಲೇ ಅತ್ತೆಯ ಮನೆಗೆ ಕರೆ ಮಾಡಿಸಿದೆ. ಮುಂದೆ ಸೊನ್ನೆ ಒತ್ತಬೇಕೆಂಬುದನ್ನು ಫೋನಿನ ಮೇಲೆ ಬಿಳಿ ಟೇಪಿನಲ್ಲಿ ಬರೆದು ಅಂಟಿಸಿದ್ದೇನೆ. ಮೇನ್ ಸ್ವಿಚ್ಚು ಹಾಕಿ ಬಂದಾಗಲೂ ಮಾತು ನಡೆದೇ ಇತ್ತು. ಅತ್ತೆಯ ಮನೆಯ ಉಪ್ಪಿನಕಾಯಿಯವರೆಗೆ ಬಂದಿತ್ತು. ಅಣ್ಣನ ಮಗನಿಗೆ ಬಾಕ್ಸ್ ಬೇಡವೆಂದು ತಿಳಿಸಿದ್ದೇನೆ.

ಶಹಾಬಜಾರದ ನಿವೃತ್ತ ಲೈನ್‌ಮನ್

ಒಳ್ಳೆಯದಾಯಿತು. ಒಂದು ಕೆಲಸ ಬಾಕಿ ಇದೆ. ತಲಬಾಗಿಲ ಮೇಲಿನ ಡಬ್ಬಿಯೊಳಗೆ "ಹೊರಗಿನ ಜೋಡಿ ಬಿಡಿಸಿದೆ, ಸೇರಿಸಬೇಡಿ, ಫೋನು ಫೈಬರಿನಿಂದ ಬರುತ್ತಿದೆ" ಎಂದು ಒಂದು ಚೀಟಿ ಬರೆದು ಮುಚ್ಚಳ ಹಾಕು. ನಾಳೆ ಯಾವುದೋ ದೂರಿಗೆ ಬಂದ ಹೊಸ ಹುಡುಗ, ಬಿಚ್ಚಿದ ತಂತಿ ಕಂಡ ಕೂಡಲೇ ಸ್ಕ್ರೂ ಬಿಗಿದು ಹೋಗುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ.